ನಂಬರಿನ ಬೆನ್ನು ಹಿಡಿದವರು ಗೆದ್ದರು: ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಇಂಟರ್ನೆಟ್ ಕರೆ

ಚನ್ನಗಿರಿಯ ಎಸ್‌ಟಿಡಿ ಕೋಡ್ 08189, ಹೊನ್ನಾಳಿಯದು 08188. ಎರಡೂ ಶಿವಮೊಗ್ಗದ 08182ರ ಸಾಲಿನವು. ಜಗಳೂರಿನ 08196 ಚಿತ್ರದುರ್ಗದ 08194ರ ನೆರೆಯದು. 1997ರಲ್ಲಿ ಈ ತಾಲ್ಲೂಕುಗಳು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದವು. ಎಷ್ಟೋ ವರ್ಷಗಳ ನಂತರ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ಕಂದಾಯದ ಗಡಿ ಹೀಗೆ ಸರಿದಾಡಿದರೂ ಕೋಡುಗಳು ಕದಲಲಿಲ್ಲ. ದೂರವಾಣಿ ಜಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬಾಳುವುದು ನಂಬರು. ಇಂಟರ್ನೆಟ್ ಕರೆಯ ಪ್ರೊಟೊಕಾಲ್‌ಗಳ ಪೈಪೋಟಿಯಲ್ಲಿ ಯಾವುದು ಹಳ್ಳಿ ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂಬುದನ್ನೂ ಬಹುಪಾಲು ಈ ನಂಬರಿನಿಂದಲೇ ವಿವರಿಸಬಹುದು ಎಂಬುದು ನನ್ನ ವಾದ.

ಪೈಪೋಟಿ ಶುರುವಾದದ್ದು ಇಲ್ಲಿಂದ ಬಹಳ ದೂರದಲ್ಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1996ರಲ್ಲಿ ಎಚ್.323 ಎಂಬ ಪ್ರೊಟೊಕಾಲ್ ಪ್ರಕಟಿಸಿತು, ಇಂಟರ್ನೆಟ್ ಎಂಜಿನಿಯರುಗಳು 1999ರಲ್ಲಿ ಸಿಪ್ ತಂದರು. ಸಿಪ್ ಓದಲು ಬರುವ ಪಠ್ಯ: ಕರೆ ಹೊರಟಾಗ ‘ಇನ್ವೈಟ್’, ಆ ಕಡೆ ಗಂಟೆ ಹೊಡೆದಾಗ ‘180 ರಿಂಗಿಂಗ್’, ಎತ್ತಿದಾಗ ‘200 ಓಕೆ’. ಎಂಜಿನಿಯರುಗಳಿಗೆ ಇದು ಹಿಡಿಸಿತು. ಆದರೆ ಸರಳತೆಯೊಂದೇ ಸಿಪ್ಪನ್ನು ಜಗಳೂರಿನವರೆಗೆ ತಂದಿತೆಂದು ನಾನು ನಂಬುವುದಿಲ್ಲ. ಮೊಬೈಲ್ ಜಾಲಗಳ ಮಾನಕ ರೂಪಿಸುವ 3ಜಿಪಿಪಿ ತನ್ನ ಮುಂದಿನ ವ್ಯವಸ್ಥೆಗೆ ಸಿಪ್ಪನ್ನೇ ಆರಿಸಿಕೊಂಡಾಗ ಅರ್ಧ ತೀರ್ಮಾನ ಆಗಿಹೋಗಿತ್ತು.

ಉಳಿದರ್ಧ ಇಲ್ಲಿ ನಡೆಯಿತು. ಭಾರತ 2002ರ ಏಪ್ರಿಲ್ 1ರಿಂದ ಇಂಟರ್ನೆಟ್ ಟೆಲಿಫೋನಿಗೆ ಅನುಮತಿ ಕೊಟ್ಟಿತು. ಆದರೆ ದೇಶದೊಳಗಿನ ಲ್ಯಾಂಡ್‌ಲೈನಿಗೋ ಮೊಬೈಲಿಗೋ ಅದನ್ನು ಜೋಡಿಸುವಂತಿರಲಿಲ್ಲ. 2003ರಲ್ಲಿ ಬಂದ ಸ್ಕೈಪ್‌ಗೆ ಬೇರೆಯದೇ ಹೆಸರಿನ ಖಾತೆ ಬೇಕಿತ್ತು. ಎರಡೂ ಕಡೆಯವರು ಹೊತ್ತು ಗೊತ್ತುಮಾಡಿಕೊಂಡು ಕಂಪ್ಯೂಟರ್ ಮುಂದೆ ಕೂರಬೇಕಿತ್ತು. ತೋಟದಲ್ಲಿರುವ ಅಡಿಕೆ ಬೆಳೆಗಾರನಿಗೆ ಅದರಿಂದ ಏನು ಪ್ರಯೋಜನ?

2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ಜಿಯೋ 2ಜಿ, 3ಜಿ ಜಾಲವನ್ನು ಕಟ್ಟಲೇ ಇಲ್ಲ. ಅದರ ಪ್ರತಿ ಕರೆಯೂ 4ಜಿ ಮೇಲೆ ವೋಲ್ಟೆ (VoLTE) ಆಗಿ, ಅಂದರೆ ಸಿಪ್ ಮೂಲಕವೇ ಹೋಗಬೇಕಿತ್ತು. ಮರುವರ್ಷ 1,500 ರೂಪಾಯಿ ಠೇವಣಿಯ ಜಿಯೋಫೋನ್ ಬಂತು. ಅದನ್ನು ಕೊಂಡವರಿಗೆ ತಾವು ಇಂಟರ್ನೆಟ್ ಕರೆ ಮಾಡುತ್ತಿದ್ದೇವೆಂಬ ಸುಳಿವೂ ಬೇಕಿರಲಿಲ್ಲ. ಒತ್ತಿದ್ದು ಅದೇ ಹತ್ತು ಅಂಕಿ. ಆ ಕಡೆಯವರ ಕೈಯಲ್ಲಿ ಹಳೆಯ 2ಜಿ ಸೆಟ್ ಇದ್ದರೆ ಎರಡು ಭಾಷೆಗಳ ನಡುವಿನ ತರ್ಜುಮೆಯನ್ನು ಗೇಟ್‌ವೇ ನೋಡಿಕೊಳ್ಳುತ್ತಿತ್ತು. ಇದು ಬಳಕೆದಾರರು ಆರಿಸಿದ ಗೆಲುವಲ್ಲ, ಸಿಮ್ ಜೊತೆಗೇ ಬಂದದ್ದು.

ವಾಟ್ಸಾಪ್ ದಾರಿ ಬೇರೆ, ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದೂ ಅದೇ. ಫೋನ್ ನಂಬರನ್ನು ಇಂಟರ್ನೆಟ್ ವಿಳಾಸಕ್ಕೆ ಜೋಡಿಸುವ ಎನಮ್ ಎಂಬ ಸಾರ್ವಜನಿಕ ವ್ಯವಸ್ಥೆಯ ಮಾನಕ 2000ದಲ್ಲೇ ಸಿದ್ಧವಿತ್ತು. ತಮ್ಮ ಗ್ರಾಹಕರ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಡುವ ಉಮೇದು ಕಂಪನಿಗಳಿಗೆ ಇರಲಿಲ್ಲ, ಅದು ಸೊರಗಿತು. ಅದೇ ಕೆಲಸವನ್ನು ವಾಟ್ಸಾಪ್ ಖಾಸಗಿಯಾಗಿ ಮಾಡಿಕೊಂಡಿತು: ಹೊಸ ಹೆಸರು ಕೇಳಲಿಲ್ಲ, ಫೋನಿನಲ್ಲಿ ಸೇವ್ ಆಗಿದ್ದ ನಂಬರುಗಳಲ್ಲಿ ಯಾರು ತನ್ನಲ್ಲಿದ್ದಾರೆಂದು ತಾನೇ ಹುಡುಕಿ ತೋರಿಸಿತು. 2015ರಲ್ಲಿ ಕರೆ ಸೇರಿಸುವ ಹೊತ್ತಿಗೆ ಚನ್ನಗಿರಿಯ ಮಂಡಿಯವರೂ ಮಗಳ ಮನೆಯವರೂ ಒಂದೇ ಪಟ್ಟಿಯಲ್ಲಿ ಸಿಗುವಂತಿತ್ತು. ಇದರ ಕರೆ ಪದ್ಧತಿ ಬೇರೆ ಯಾವ ಆ್ಯಪ್‌ಗೂ ಹೊಂದುತ್ತಿರಲಿಲ್ಲ. ಅದು ಯಾರಿಗೂ ತೊಡಕೆನಿಸಲಿಲ್ಲ.

ದೇಶದೊಳಗಿನ ನಂಬರುಗಳಿಗೆ ಇಂಟರ್ನೆಟ್ ಕರೆ ಮಾಡಲು ದೂರಸಂಪರ್ಕ ಇಲಾಖೆ ದಾರಿ ಬಿಟ್ಟದ್ದು 2018ರಲ್ಲಿ. ಬಿಎಸ್‌ಎನ್‌ಎಲ್ ಅದೇ ವರ್ಷ ‘ವಿಂಗ್ಸ್’ ಎಂಬ ಸಿಪ್ ಆಧಾರಿತ ಸೇವೆ ಪ್ರಕಟಿಸಿತು. ಒಳ್ಳೆಯ ಯೋಜನೆಯೇ, ಆದರೆ ಹೊತ್ತು ಮೀರಿತ್ತು. ಅದು ಕೇಳಿದ್ದೂ ಇನ್ನೊಂದು ಹೊಸ ನಂಬರನ್ನು. ಆ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋಫೋನಿಗೆ ವಾಟ್ಸಾಪ್ ಬಂದಾಗ ಅದರಲ್ಲಿ ಸಂದೇಶವಿತ್ತು, ಕರೆ ಇರಲಿಲ್ಲ. ಒಂದೇ ಸೆಟ್ಟಿನಲ್ಲಿ ಎರಡು ಜಾಲ ಕೆಲಸ ಹಂಚಿಕೊಂಡಿದ್ದವು, ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಈಗಲೂ ಜಿಯೋ ಸಿಮ್‌ನಿಂದ ನ್ಯಾಮತಿಯ ಲ್ಯಾಂಡ್‌ಲೈನಿಗೂ 112ಕ್ಕೂ ಕರೆ ಹೋಗುತ್ತದೆ. ವಾಟ್ಸಾಪ್‌ನಿಂದ ಎರಡಕ್ಕೂ ಹೋಗುವುದಿಲ್ಲ.