ಸಹಾಯಾರ್ಥ ನಾಟಕ (ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆ)

ಸಹಾಯಾರ್ಥ ನಾಟಕವೆಂದರೆ ಶಾಲೆ, ಮಠ, ಗುಡಿ, ಅನಾಥಾಲಯ ಮೊದಲಾದ ಊರ ಕೆಲಸಕ್ಕೆ ಹಣ ಕೂಡಿಸಲೆಂದು ಆಡುವ ನಾಟಕ. ಉತ್ತರ ಕರ್ನಾಟಕದಲ್ಲಿ ಇದು ಹೆಚ್ಚಾಗಿ ಹಾಡುಗಳಿಂದ ತುಂಬಿದ ಸಂಗೀತ ನಾಟಕದ ರೂಪದಲ್ಲಿ ಬೆಳೆಯಿತು. ಈಗಿನ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಕನ್ನಡ ವೃತ್ತಿರಂಗಭೂಮಿಯ ಆದಿಪುರುಷರಲ್ಲಿ ಒಬ್ಬರು ಹುಟ್ಟಿದ್ದು ಈ ಸೀಮೆಯಲ್ಲಿ. ನಾಟಕದ ಗಲ್ಲಾಪೆಟ್ಟಿಗೆಯನ್ನು ಅಂಧ ಮಕ್ಕಳ ಅನ್ನದ ಪಾತ್ರೆಯಾಗಿ ಮಾಡಿದ ಗವಾಯಿಗಳಿಬ್ಬರೂ ಇಲ್ಲಿಯವರೇ.

ಕಲೆ ಮತ್ತು ದಾನವನ್ನು ಜೋಡಿಸುವ ವಾಡಿಕೆ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ದಾರಿ ಹಿಡಿದಿದೆ. ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1443ರಲ್ಲಿ ಸ್ಥಾಪನೆಯಾದ ಧರ್ಮಾಸ್ಪತ್ರೆ ತನ್ನ ತೋಟಗಳ ದ್ರಾಕ್ಷಿಯಿಂದ ಮಾಡಿದ ವೈನನ್ನು 1859ರಿಂದ ಬಹಿರಂಗ ಹರಾಜಿನಲ್ಲಿ ಮಾರುತ್ತ ಬಂದಿದೆ. ಧರ್ಮಕಾರ್ಯಕ್ಕಾಗಿ ನಡೆಯುವ ವೈನ್ ಹರಾಜುಗಳಲ್ಲಿ ಅತ್ಯಂತ ಹೆಸರಾದದ್ದು ಅದು. ಪಾಶ್ಚಾತ್ಯ ಸಂಗೀತ ನಾಟಕವಾದ ಆಪೆರಾವನ್ನು ಆಡುವ ಮಂಡಳಿಗಳೂ ಇಂಥ ಹರಾಜುಗಳಿಂದ, ಔತಣಕೂಟಗಳಿಂದ ದೇಣಿಗೆ ಎತ್ತುತ್ತವೆ. ದೊಡ್ಡ ವಾದ್ಯವೃಂದ, ಗಾಯಕರು, ರಂಗಸಜ್ಜಿಕೆ ಇವುಗಳ ಖರ್ಚಿನಲ್ಲಿ ಟಿಕೆಟಿನ ಹಣ ತುಂಬುವುದು ಒಂದು ಪಾಲನ್ನು ಮಾತ್ರ. ಅಲ್ಲಿ ಶ್ರೀಮಂತರು ಕೊಟ್ಟು ನಾಟಕ ಮಂಡಳಿಯನ್ನು ಉಳಿಸುತ್ತಾರೆ. ಹಾನಗಲ್ ಸೀಮೆಯ ಚರಿತ್ರೆಯಲ್ಲಿ ನಾಟಕ ಮಂಡಳಿಯೇ ದುಡಿದು ದಿಕ್ಕಿಲ್ಲದವರನ್ನು ಸಾಕಿತು.

ಕಂಪನಿ ನಾಟಕಗಳು ಬರುವ ಮೊದಲು ಈ ಭಾಗದ ಹಾಡುನಾಟಕವೆಂದರೆ ದೊಡ್ಡಾಟ ಮತ್ತು ಸಣ್ಣಾಟ. ಇವಕ್ಕೆ ಮಾಲಕರಿರಲಿಲ್ಲ, ಟಿಕೆಟ್ಟೂ ಇರಲಿಲ್ಲ. ರೈತರು ಬಿಡುವಿನ ದಿನಗಳಲ್ಲಿ ತಾಲೀಮು ನಡೆಸಿ, ಸುಗ್ಗಿ ಮುಗಿದ ಮೇಲೆ ಅಥವಾ ಜಾತ್ರೆಯ ಹೊತ್ತಿಗೆ ಅಟ್ಟ ಕಟ್ಟಿ ಬೆಳತನಕ ಆಡುತ್ತಿದ್ದರು. ಕಲಿಸುವ ಮಾಸ್ತರನ ಸಂಭಾವನೆ, ಬಾಡಿಗೆಗೆ ತಂದ ಕಿರೀಟ ಭುಜಕೀರ್ತಿಗಳ ಹಣ, ದೀಪದ ಎಣ್ಣೆ ಎಲ್ಲವೂ ಊರವರ ಪಟ್ಟಿಯಿಂದ, ಅಂದರೆ ಮನೆಮನೆಯಿಂದ ಎತ್ತಿದ ವರ್ಗಣಿಯಿಂದ ನಡೆಯುತ್ತಿದ್ದವು. ದುಡ್ಡಿಲ್ಲದವರು ಕಾಳು ಕೊಡುತ್ತಿದ್ದರು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ಬಾಳಿದ ಕಾಲದ ಹಳ್ಳಿಯ ಮನರಂಜನೆ ಇದೇ. ಅವರ ತತ್ವಪದಗಳು ಮುಂದೆ ಈ ಭಾಗದ ರಂಗಗಾಯಕರ ಬಾಯಲ್ಲೂ ನಿಂತವು.

ಈ ಆಟಗಳ ನಡುವೆ ದಾನವನ್ನು ಎಲ್ಲರ ಕಿವಿಗೆ ಬೀಳುವಂತೆ ಕೊಡುವ ಪದ್ಧತಿಯೊಂದು ಬೇರೂರಿತು. ಪಾತ್ರಧಾರಿ ಚೆನ್ನಾಗಿ ಹಾಡಿದರೆ ಪ್ರೇಕ್ಷಕರೊಬ್ಬರು ಎದ್ದು ಆಯೇರ ಮಾಡುತ್ತಾರೆ. ಹಣ, ಟವೆಲು, ಕೆಲವೊಮ್ಮೆ ಬೆಳ್ಳಿಯ ಸಾಮಾನು. ಕೊಟ್ಟವರ ಹೆಸರು, ಊರು, ಮೊತ್ತವನ್ನು ಅಟ್ಟದ ಮೇಲಿಂದ ಕೂಗಿ ಹೇಳಿದ ಮೇಲೆಯೇ ಆಟ ಮುಂದುವರಿಯುತ್ತದೆ. ಹಿಂದೆ ಇದನ್ನು ಕೂಗುವವನು ಸಾರಥಿ ಅಥವಾ ಹಿಮ್ಮೇಳದವನು, ಈಗ ಮೈಕು ಹಿಡಿದ ಸಂಘದ ಕಾರ್ಯದರ್ಶಿ. ಜಾತ್ರೆಗಳಲ್ಲಿ ಇದರ ಜೊತೆಗೆ ಸವಾಲು ನಡೆಯುತ್ತದೆ. ತೇರಿಗೆ ಕಟ್ಟಿದ ತೆಂಗಿನಕಾಯಿ, ದೇವರಿಗೆ ಏರಿಸಿದ ಸೀರೆ, ಗಣಪತಿಯ ಮುಂದಿನ ಫಲಾವಳಿಯನ್ನು ಹಿಡಿದು ಒಬ್ಬ ಸವಾಲು ಕೂಗುತ್ತಾನೆ. ಒಂದು ಸಲ, ಎರಡು ಸಲ, ಮೂರು ಸಲ ಎಂದು ಮುಗಿಯುವ ಹೊತ್ತಿಗೆ ಸಂತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಕಾಯಿ ಸಾವಿರಗಳಿಗೆ ಹೋಗಿರುತ್ತದೆ. ಸವಾಲಿನ ಹಣ ಗುಡಿಯ ಜೀರ್ಣೋದ್ಧಾರಕ್ಕೋ ಅನ್ನಸಂತರ್ಪಣೆಗೋ ಜಾತ್ರೆಯ ನಾಟಕದ ಖರ್ಚಿಗೋ ಸಲ್ಲುತ್ತದೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಮುಕ್ತಿ ಬಾವುಟದ ಹರಾಜು ಲಕ್ಷಗಟ್ಟಲೆ ರೂಪಾಯಿಗೆ ಏರುವುದು ಇದೇ ಪದ್ಧತಿಯ ದೊಡ್ಡ ರೂಪ. ಕೊಂಡವನು ಬೆಲೆ ಕಟ್ಟುವುದು ವಸ್ತುವಿಗಲ್ಲ ಎಂಬುದು ಅಲ್ಲಿ ನೆರೆದ ಎಲ್ಲರಿಗೂ ಗೊತ್ತಿರುತ್ತದೆ. ಬೋನ್ ಪಟ್ಟಣದ ಪೀಪಾಯಿಗೂ ಹಾವೇರಿ ಜಿಲ್ಲೆಯ ತೆಂಗಿನಕಾಯಿಗೂ ಅಷ್ಟರ ಮಟ್ಟಿಗೆ ನೆಂಟಸ್ತಿಕೆಯಿದೆ.

ವೃತ್ತಿ ನಾಟಕ ಮಂಡಳಿಗಳ ಕಥೆ ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಿಂದ ಶುರುವಾಗುತ್ತದೆ. ಸಕ್ಕರಿ ಬಾಳಾಚಾರ್ಯರು (1856–1920) ಹುಟ್ಟಿದ್ದು ಅಲ್ಲಿ. ಊರಿನ ಆಂಜನೇಯ ಶಾಂತೇಶನ ಹೆಸರಿನಿಂದ ಅವರು ಶಾಂತಕವಿ ಎಂಬ ಅಂಕಿತ ತಳೆದರು. ಆಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ನಾಟಕ ಮಂಡಳಿಗಳದೇ ದರ್ಬಾರು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಆಡಿಸಿದ ‘ಸೀತಾ ಸ್ವಯಂವರ’ಕ್ಕೆ ಉತ್ತರ ಕನ್ನಡದ ಕಡೆಯಿಂದ ಹೋದ ಭಾಗವತರ ಆಟವೇ ಪ್ರೇರಣೆಯಾಗಿತ್ತು. ಕನ್ನಡದ ಆಟದಿಂದ ಚಿಗುರಿದ ಮರಾಠಿ ರಂಗಭೂಮಿ ತಿರುಗಿ ಬಂದು ಕನ್ನಡಿಗರ ಕಾಸನ್ನೂ ಕಿವಿಯನ್ನೂ ಗೆದ್ದಿತ್ತು. ಶಾಲಾ ಮಾಸ್ತರರಾಗಿದ್ದ ಶಾಂತಕವಿಗಳು ಇದನ್ನು ಸಹಿಸದೆ 1870ರ ದಶಕದಲ್ಲಿ ಗದಗಿನಲ್ಲಿ ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ ‘ಉಷಾಹರಣ’ ಮೊದಲಾದ ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಲಾಭದ ಲೆಕ್ಕ ಹಾಕಿದ್ದರೆ ಆ ಮಂಡಳಿ ಹುಟ್ಟುತ್ತಿರಲಿಲ್ಲ. ಭಾಷೆಯ ಸಹಾಯಾರ್ಥವಾಗಿ ನಡೆದ ಮೊದಲ ನಾಟಕವೆಂದು ಅದನ್ನು ಕರೆಯಲು ಅಡ್ಡಿಯಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಂಪನಿಗಳು ಒಂದರ ಹಿಂದೊಂದು ಎದ್ದವು. ಶಿರಹಟ್ಟಿ ವೆಂಕೋಬರಾಯರ ಮಂಡಳಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಸವಣೂರು ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿ ಇವು ಈ ಸೀಮೆಯವರು ಕಣ್ಣಾರೆ ಕಂಡ ಕಂಪನಿಗಳು. ಊರ ಹೊರಗೆ ತಗಡಿನ ಥಿಯೇಟರು ಎಬ್ಬಿಸಿ ತಿಂಗಳುಗಟ್ಟಲೆ ಮೊಕ್ಕಾಂ ಮಾಡುವುದು, ಕಾಲುಪೇಟಿಯ ಮುಂದೆ ಕುಳಿತ ಮಾಸ್ತರರು ನಾಂದಿಗೆ ಸ್ವರ ಹಿಡಿದೊಡನೆ ಪರದೆ ಏಳುವುದು, ಒಳ್ಳೆಯ ಪದಕ್ಕೆ ‘ಒನ್ಸ್ ಮೋರ್’ ಬೀಳುವುದು, ನಟ ಅದೇ ಪದವನ್ನು ಬೇರೆ ತಾನುಗಳಲ್ಲಿ ಬೆಳೆಸುವುದು ಎಲ್ಲ ಕಂಪನಿಗಳ ರೂಢಿ. ನಟನಿಗೆ ಮೊದಲು ಬೇಕಾದದ್ದು ಕಂಠ. ಮಲ್ಲಿಕಾರ್ಜುನ ಮನಸೂರರು (1910–1992) ಬಾಲಕರಾಗಿ ಬಣ್ಣ ಹಚ್ಚಿದ್ದು ವಿಶ್ವಗುಣಾದರ್ಶ ಮಂಡಳಿಯಲ್ಲಿ. ಅಲ್ಲಿ ಅವರ ಹಾಡು ಕೇಳಿದ ಹಿಂದೂಸ್ತಾನಿ ಗಾಯಕ ನೀಲಕಂಠ ಬುವಾ ಅವರನ್ನು ಶಿಷ್ಯರನ್ನಾಗಿ ಕರೆದೊಯ್ದರು. ಬಸವರಾಜ ರಾಜಗುರು ಅವರೂ ವಾಮನರಾಯರ ಕಂಪನಿಯಲ್ಲಿ ಬಾಲನಟರಾಗಿ ಹಾಡಿದವರು. ಹಿಂದೂಸ್ತಾನಿ ಸಂಗೀತಕ್ಕೆ ಧಾರವಾಡ ಸೀಮೆ ಕೊಟ್ಟ ಕಂಠಗಳಲ್ಲಿ ಹಲವು ಪಳಗಿದ್ದು ಇಂಥ ಅಟ್ಟಗಳ ಮೇಲೆ.

ಮೊಕ್ಕಾಂ ಮುಗಿಸಿ ಊರು ಬಿಡುವ ಮುನ್ನ ಒಂದು ಆಟದ ಗಲ್ಲಾವನ್ನು ಊರ ಶಾಲೆಗೋ ಗುಡಿಗೋ ಬಿಟ್ಟುಕೊಡುವುದು ಕಂಪನಿಗಳ ಮರ್ಯಾದೆಯಾಗಿತ್ತು. ಕಷ್ಟದಲ್ಲಿರುವ ಕಲಾವಿದನ ಸಹಾಯಾರ್ಥವೂ ಆಟಗಳಾಗುತ್ತಿದ್ದವು. ಇದರ ಅತಿ ದೊಡ್ಡ ಉದಾಹರಣೆ ಕಂಡದ್ದು ಮುಂಬಯಿಯಲ್ಲಿ. 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗಾಗಿ ಮರಾಠಿ ಗಾಯಕನಟರಾದ ಬಾಲಗಂಧರ್ವ ಮತ್ತು ಕೇಶವರಾವ್ ಭೋಸಲೆ ತಮ್ಮ ಪೈಪೋಟಿಯನ್ನು ಬದಿಗಿಟ್ಟು ‘ಮಾನಾಪಮಾನ’ ಸಂಗೀತ ನಾಟಕದಲ್ಲಿ ಒಟ್ಟಿಗೆ ನಟಿಸಿದರು. ಎರಡು ಕಂಪನಿಗಳು ಕೂಡಿ ಆಡಿದ ಆ ‘ಸಂಯುಕ್ತ’ ಪ್ರಯೋಗದ ಸುದ್ದಿ ಮುಂಬಯಿ ಪ್ರಾಂತದ ರಂಗಪ್ರಿಯರಲ್ಲಿ ದಂತಕಥೆಯಾಗಿ ಉಳಿಯಿತು.

ಸಹಾಯಾರ್ಥ ನಾಟಕವನ್ನು ಒಂದು ರಾತ್ರಿಯ ಔದಾರ್ಯದಿಂದ ಮೇಲೆತ್ತಿ ನಿತ್ಯದ ಕಾಯಕ ಮಾಡಿದ ಪರಂಪರೆ ಹಾನಗಲ್ಲಿನದು. ಹಾನಗಲ್ ವಿರಕ್ತಮಠದ ಕುಮಾರ ಸ್ವಾಮಿಗಳು (1867–1930) 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದವರು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಇಬ್ಬರು ಅಂಧ ಅಣ್ಣತಮ್ಮಂದಿರು ಹಾಡುವುದನ್ನು ಕೇಳಿ ಸ್ವಾಮಿಗಳು ಅವರಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಅವರಲ್ಲಿ ಕಿರಿಯವನಾದ ಗದಿಗೆಯ್ಯನೇ 1892ರಲ್ಲಿ ಹುಟ್ಟಿ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ಪರಿಚಿತರಾದವರು. ಮೈಸೂರಿನ ಕಡೆ ಕರ್ನಾಟಕ ಸಂಗೀತವನ್ನು ಕಲಿತು, ನೀಲಕಂಠ ಬುವಾ ಅವರಲ್ಲಿ ಹಿಂದೂಸ್ತಾನಿ ಗಾಯನವನ್ನು ಅಭ್ಯಾಸ ಮಾಡಿ, ಅವರು ಎರಡೂ ಪದ್ಧತಿಗಳಲ್ಲಿ ಉಭಯ ಗಾನ ವಿಶಾರದರಾದರು.

1914ರಲ್ಲಿ ಕುಮಾರ ಸ್ವಾಮಿಗಳ ಆಶೀರ್ವಾದದಿಂದ ಪಂಚಾಕ್ಷರಿ ಗವಾಯಿಗಳು ಅಂಧರಿಗೂ ಬಡವರಿಗೂ ಸಂಗೀತ ಕಲಿಸುವ ಸಂಚಾರಿ ಪಾಠಶಾಲೆ ಆರಂಭಿಸಿದರು. ಶಾಲೆಗೆ ಕಟ್ಟಡವಿರಲಿಲ್ಲ, ಜಾತಿಯ ಕಟ್ಟೂ ಇರಲಿಲ್ಲ. ಗುರುಗಳು ಶಿಷ್ಯರ ತಂಡದೊಂದಿಗೆ ಊರಿಂದ ಊರಿಗೆ ಹೋಗಿ, ಕೀರ್ತನೆ ಕಚೇರಿಗಳನ್ನು ನಡೆಸಿ, ಭಕ್ತರು ಕೊಟ್ಟ ಜೋಳ ಅಕ್ಕಿಗಳಲ್ಲಿ ದಿನ ತೆಗೆಯುತ್ತಿದ್ದರು. ಮಠದ ಸ್ವಾಮಿಗಳು ಜೋಳಿಗೆ ಹಿಡಿಯುವುದು ಈ ನಾಡಿಗೆ ಹೊಸತಲ್ಲ. ಆ ಜೋಳಿಗೆಯ ಜೊತೆಗೆ ತಂಬೂರಿಯನ್ನು ಸೇರಿಸಿದ್ದು ಪಂಚಾಕ್ಷರಿ ಗವಾಯಿಗಳ ಹಿರಿಮೆ. ಬಸರಿಗಿಡದ ವೀರಪ್ಪನವರ ದಾನದಿಂದ ಅಲೆದಾಟ ಕೊನೆಗೊಂಡು 1942ರಲ್ಲಿ ಪಾಠಶಾಲೆ ಗದಗಿನಲ್ಲಿ ನೆಲೆನಿಂತಿತು. ದಾನಿಯ ನೆನಪಿಗೆ ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ಎರಡೇ ವರ್ಷಗಳಲ್ಲಿ, 1944ರಲ್ಲಿ, ಗವಾಯಿಗಳು ಲಿಂಗೈಕ್ಯರಾದರು.

ಆಶ್ರಮದ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು (1914–2010). ಅವರೂ ಹಾನಗಲ್ ತಾಲ್ಲೂಕಿನವರೇ, ದೇವರ ಹೊಸಪೇಟೆಯಲ್ಲಿ ಹುಟ್ಟಿದವರು. ಎಳವೆಯಲ್ಲೇ ಕಣ್ಣು ಹೋಗಿ, ತಂದೆ ತಾಯಿಯರನ್ನೂ ಕಳೆದುಕೊಂಡ ಹುಡುಗ ಸೋದರಮಾವನ ಹಾರ್ಮೋನಿಯಂ ಮೇಲೆ ಕೈಯಾಡಿಸುತ್ತ ಸ್ವರ ಹಿಡಿದದ್ದನ್ನು ಕಂಡು ಮಾವ ಅವರನ್ನು ಪಂಚಾಕ್ಷರಿ ಗವಾಯಿಗಳಿಗೆ ಒಪ್ಪಿಸಿದರು. ನೂರಾರು ಮಕ್ಕಳಿಗೆ ಎರಡು ಹೊತ್ತಿನ ಊಟ, ಬಟ್ಟೆ, ವಾದ್ಯ ಹೊಂದಿಸಬೇಕಾದಾಗ ಪುಟ್ಟರಾಜರು ಕಂಡುಕೊಂಡ ದಾರಿ ನಾಟಕ. ‘ಶ್ರೀ ಶಿವಯೋಗಿ ಸಿದ್ಧರಾಮ’ ನಾಟಕವನ್ನು ತಾವೇ ರಚಿಸಿ, ನಿರ್ದೇಶಿಸಿ, ಊರೂರುಗಳಲ್ಲಿ ಆಡಿಸಿ ಬಂದ ಹಣವನ್ನು ಆಶ್ರಮಕ್ಕೆ ತಂದರು. ಅವರ ಕಂಪನಿಯ ಕುಮಾರೇಶ್ವರ ಕೃಪಾಪೋಷಿತ ನಾಟ್ಯ ಸಂಘವೆಂಬ ಹೆಸರಿನಲ್ಲಿ ಹಾನಗಲ್ಲಿನ ಕುಮಾರ ಸ್ವಾಮಿಗಳ ಸ್ಮರಣೆಯಿತ್ತು. ಕಂಪನಿಯ ಪರದೆಯ ಹಿಂದೆ ಪೇಟಿ, ತಬಲಾ, ಪಿಟೀಲು ನುಡಿಸಿದವರಲ್ಲಿ ಆಶ್ರಮದಲ್ಲೇ ಕಲಿತ ಅಂಧ ಕಲಾವಿದರಿದ್ದರು. ಟಿಕೆಟು ಕೊಂಡವನು ಶರಣರ ಕಥೆ ನೋಡಿ ಮನೆಗೆ ಹೋಗುತ್ತಿದ್ದ. ಅವನ ನಾಣ್ಯ ಮರುದಿನ ಯಾವುದೋ ಮಗುವಿನ ರೊಟ್ಟಿಯಾಗುತ್ತಿತ್ತು. ಭಾರತದ ರಂಗಭೂಮಿಯಲ್ಲಿ ಇದಕ್ಕೆ ಸಮನಾದ ಪ್ರಯೋಗಗಳು ವಿರಳ. ಅದಕ್ಕೆ ಸಲ್ಲಬೇಕಾದ ಸ್ಥಾನ ರಂಗಚರಿತ್ರೆಯ ಪುಸ್ತಕಗಳಲ್ಲಿ ಇನ್ನೂ ಸಂದಿಲ್ಲ.

ಪುಟ್ಟರಾಜರ ಕಾಲದಲ್ಲಿ ದಾನದ ಇನ್ನೊಂದು ರೂಪ ತುಲಾಭಾರ. ಊರ ಮಧ್ಯದ ಪೆಂಡಾಲಿನಲ್ಲಿ ಹೂವಿನಿಂದ ಸಿಂಗರಿಸಿದ ದೊಡ್ಡ ತಕ್ಕಡಿ ನಿಲ್ಲಿಸಿ ಒಂದು ತಟ್ಟೆಯಲ್ಲಿ ಭಕ್ತರು ಅಜ್ಜನವರೆಂದು ಕರೆಯುತ್ತಿದ್ದ ಪುಟ್ಟರಾಜರನ್ನು ಕೂರಿಸುತ್ತಿದ್ದರು. ಇನ್ನೊಂದು ತಟ್ಟೆಗೆ ನಾಣ್ಯದ ಚೀಲಗಳು ಬೀಳುತ್ತಿದ್ದವು. ಬೆಲ್ಲ, ಅಕ್ಕಿ, ತೆಂಗಿನಕಾಯಿಯ ತುಲಾಭಾರವೂ ಉಂಟು. ತಕ್ಕಡಿ ಸಮನಾದಾಗ ಜಯಘೋಷ ಮೊಳಗುತ್ತಿತ್ತು, ಅಜ್ಜನವರು ಹಾರ್ಮೋನಿಯಂ ಎದುರು ಕೂತು ವಚನ ಹಾಡುತ್ತಿದ್ದರು, ಚೀಲಗಳು ಗದಗಿನ ದಾರಿ ಹಿಡಿಯುತ್ತಿದ್ದವು. ಹಾವೇರಿ ಜಿಲ್ಲೆಯ ಸಣ್ಣ ಸಣ್ಣ ಹಳ್ಳಿಗಳೂ ಪಟ್ಟಿ ಹಾಕಿ ತುಲಾಭಾರ ಮಾಡಿಸುತ್ತಿದ್ದವು. ಸವಾಲಿನಲ್ಲಿ ಗೆಲ್ಲುವವನು ಒಬ್ಬ, ತುಲಾಭಾರದಲ್ಲಿ ಒಂದು ರೂಪಾಯಿ ಹಾಕಿದವನ ಭಾರವೂ ತಕ್ಕಡಿಗೆ ಸೇರುತ್ತದೆ. ಬಡ ಊರುಗಳಿಗೆ ಅದು ಅಷ್ಟು ಒಗ್ಗಿದ್ದಕ್ಕೆ ಇದೂ ಕಾರಣ. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಪ್ರಶಸ್ತಿ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು. ಆಶ್ರಮದಲ್ಲಿ ಹನ್ನೆರಡು ವರ್ಷ ಕಲಿತ ಎಂ. ವೆಂಕಟೇಶಕುಮಾರ್ ಇಂದು ದೇಶದ ಅಗ್ರ ಹಿಂದೂಸ್ತಾನಿ ಗಾಯಕರಲ್ಲಿ ಒಬ್ಬರು. ಪುಟ್ಟರಾಜರ ಗುರುವಿನ ಬದುಕನ್ನು ಕುರಿತ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ (1995) ಚಲನಚಿತ್ರ ಹಂಸಲೇಖ ಅವರಿಗೆ ಸಂಗೀತಕ್ಕಾಗಿಯೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕಾಗಿಯೂ ರಾಷ್ಟ್ರ ಪ್ರಶಸ್ತಿ ತಂದಿತು.

ಬೋನ್ ಪಟ್ಟಣದಂತೆ ಮದ್ಯವನ್ನು ಹರಾಜು ಹಾಕಿ ಧರ್ಮಕ್ಕೆ ಹಣ ಎತ್ತುವ ಪದ್ಧತಿ ಈ ಸೀಮೆಯಲ್ಲಿ ಬೇರು ಬಿಡಲಿಲ್ಲ. ಇಲ್ಲಿ ದಾನ ಸಂಗ್ರಹಿಸುವ ಕೈ ಬಹುಪಾಲು ಮಠದ್ದು, ಮಠಕ್ಕೆ ಕುಡಿತ ಸಲ್ಲದು. ಕಂಪನಿ ನಾಟಕಗಳಲ್ಲೂ ಕುಡುಕ ಗಂಡನಿಂದ ಮನೆ ಹಾಳಾಗುವ ಕಥೆ ಬಲು ಪ್ರಿಯ. ಗಡಕರಿಯವರ ಮರಾಠಿ ಸಂಗೀತ ನಾಟಕ ‘ಏಕಚ್ ಪ್ಯಾಲಾ’ ಈ ಬಗೆಗೆ ದೊಡ್ಡ ಮಾದರಿ. 1975ರಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು ಆರಂಭಿಸಿದ ‘ಮಹಾಂತ ಜೋಳಿಗೆ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅವರು ಮನೆಮನೆಗೆ ಹೋಗಿ ಜೋಳಿಗೆ ಒಡ್ಡಿ ಬೇಡಿದ್ದು ಹಣವನ್ನಲ್ಲ, ಜನರ ದುಶ್ಚಟಗಳನ್ನು.

ಸಿನಿಮಾ, ಆಮೇಲೆ ದೂರದರ್ಶನ ಬಂದು ಕಂಪನಿಗಳು ಒಂದೊಂದಾಗಿ ಮುಚ್ಚಿದವು. ಉಳಿದವು ಜಾತ್ರೆಗಳನ್ನು ನಂಬಿ ನಡೆಯುತ್ತಿವೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಅಕ್ಕಪಕ್ಕದಲ್ಲೇ ಹಲವು ಕಂಪನಿಗಳ ಥಿಯೇಟರುಗಳು ಎದ್ದು ತಿಂಗಳ ಮೇಲೆ ಆಟಗಳು ನಡೆಯುತ್ತವೆ. ಹಾಡಿನ ಜಾಗವನ್ನು ಹಾಸ್ಯ ಆಕ್ರಮಿಸಿರುವುದು ರಂಗಸಂಗೀತದ ಮಟ್ಟಿಗೆ ದೊಡ್ಡ ನಷ್ಟ. ಹಳ್ಳಿಯ ಹವ್ಯಾಸಿ ರಂಗಭೂಮಿ ಮಾತ್ರ ಇಲ್ಲಿ ಬತ್ತಿಲ್ಲ. ಹಾನಗಲ್ ತಾಲ್ಲೂಕಿನ ಶೇಷಗಿರಿ ಎಂಬ ಪುಟ್ಟ ಊರಿನ ಯುವಕ ಮಂಡಳ ಸ್ವಂತ ತಂಡ ಕಟ್ಟಿ, ನಾಟಕೋತ್ಸವ ನಡೆಸಿ, ಊರಿಗೆ ರಂಗಮಂದಿರವನ್ನೂ ತಂದುಕೊಂಡಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಉತ್ಸವ ರಾಕ್ ಗಾರ್ಡನ್ ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರ ದೊಡ್ಡಾಟದ ಪುನರುಜ್ಜೀವನಕ್ಕೆ ದುಡಿದರು. ಅದೇ ಊರಿನಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ಪುಟ್ಟರಾಜರ ಬಳಿಕ ವೀರೇಶ್ವರ ಪುಣ್ಯಾಶ್ರಮವನ್ನು ಕಲ್ಲಯ್ಯಜ್ಜನವರು ನಡೆಸುತ್ತಿದ್ದಾರೆ. ತುಲಾಭಾರಗಳು ಈಗಲೂ ನಡೆಯುತ್ತವೆ, ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತದ ಪಾಠ ಈಗಲೂ ಉಚಿತ.