ಕಲಬುರಗಿಯ ದೂರದರ್ಶನ ಕೇಂದ್ರದ ಪೂರ್ವವೃತ್ತಾಂತ

ಕರ್ನಾಟಕದಲ್ಲಿ ದೂರದರ್ಶನವು ಪ್ರಥಮತಃ ಎಲ್ಲಿ ಕಾಣಿಸಿಕೊಂಡಿತೆಂದು ಕೇಳಿದರೆ, ವಿದ್ಯಾವಂತರಲ್ಲಿಯೂ ಬಹುಮಂದಿ ಬೆಂಗಳೂರಿನಲ್ಲೆಂದೇ ಹೇಳುವರು. ಇದು ಸರಿಯಲ್ಲ. ಬೆಂಗಳೂರಿನ ಕೇಂದ್ರವು ಆರಂಭವಾದುದು 1981ನೆಯ ಇಸವಿ ನವೆಂಬರ್ 1ರಂದು. ಆಗ ಗುಲ್ಬರ್ಗವೆನಿಸಿದ್ದ ಕಲಬುರಗಿಯಲ್ಲಿ 1977ರಲ್ಲಿಯೇ ಪ್ರಸಾರಕೇಂದ್ರವು ಸ್ಥಾಪಿತವಾಗಿದ್ದಿತು. ರಾಜಧಾನಿಗಿಲ್ಲದ ಈ ಭಾಗ್ಯವು ಬಿಸಿಲನಾಡಿಗೆ ಮುಂಚಿತವಾಗಿ ದೊರೆತುದು ಹೇಗೆಂಬುದನ್ನು ವಾಚಕರು ಅರಿಯತಕ್ಕುದು.

ಆಕಾಶದಲ್ಲಿ ನೆಲೆಗೊಳಿಸಿದ ಉಪಗ್ರಹದ ಮೂಲಕ ಹಳ್ಳಿಗಳಿಗೆ ನೇರವಾಗಿ ಶಿಕ್ಷಣವನ್ನು ಮುಟ್ಟಿಸಬಹುದೆಂಬುದು ವಿಕ್ರಮ ಸಾರಾಭಾಯಿಯವರ ಸಂಕಲ್ಪ. ಇದಕ್ಕಾಗಿ 1969ರಲ್ಲಿ ಭಾರತಕ್ಕೂ ಅಮೆರಿಕದ ನಾಸಾ ಸಂಸ್ಥೆಗೂ ಒಡಂಬಡಿಕೆಯಾಯಿತು. ಆ ಮಹನೀಯರು 1971ರಲ್ಲಿಯೇ ದಿವಂಗತರಾದುದರಿಂದ ಫಲವನ್ನು ಕಾಣುವ ಯೋಗ ಅವರಿಗಿರಲಿಲ್ಲ. 1975ನೆಯ ಆಗಸ್ಟ್ 1ರಂದು ಪ್ರಯೋಗವು ಮೊದಲಾಯಿತು. ಆರು ರಾಜ್ಯಗಳ ಸುಮಾರು 2,400 ಗ್ರಾಮಗಳು ಇದಕ್ಕೆ ಆಯ್ಕೆಯಾಗಿದ್ದುವು. ನಮ್ಮ ರಾಜ್ಯದಿಂದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಗ್ರಾಮಗಳು ಸೇರಿದ್ದುವು. ಹಿಂದುಳಿದ ಪ್ರದೇಶಗಳನ್ನೇ ಆರಿಸಬೇಕೆಂಬುದು ಯೋಜನೆಯ ನಿಯಮವಾಗಿದ್ದಿತು. ದಾರಿದ್ರ್ಯವೇ ಇಲ್ಲಿ ಅರ್ಹತೆಯಾಯಿತೆಂಬುದು ಸೋಜಿಗವಲ್ಲವೆ?

ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಕೊಡೆಯಂತಹ ಸಾಧನವು ಉಪಗ್ರಹದ ಅಲೆಗಳನ್ನು ಹಿಡಿಯುತ್ತಿದ್ದಿತು. ವಿದ್ಯುತ್ತಿಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿಗಳಿಂದ ಕೆಲಸ ನಡೆಯಿತು. ಬೆಳಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ ಮುಂತಾದ ವಿಷಯಗಳು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಮಾತ್ರ ಹೈದರಾಬಾದಿನಲ್ಲಿ. ಭಾರತಕಥೆಯಲ್ಲಿ ಸಂಜಯನ ದೂರದೃಷ್ಟಿಯು ಅರಸನೊಬ್ಬನ ಉಪಯೋಗಕ್ಕೆ ಒದಗಿತು. ಇಲ್ಲಿಯಾದರೋ ಅದು ಊರಿಗೆಲ್ಲ ಸೇರಿದ ಸೊತ್ತಾಯಿತು. ಈ ಭೇದವು ಅಲ್ಪವಾದುದಲ್ಲ.

1976ನೆಯ ಜುಲೈ 31ಕ್ಕೆ ಪ್ರಯೋಗದ ಅವಧಿ ತೀರಿತು. ಉಪಗ್ರಹವು ಎರವಲು ತಂದುದಾದ ಕಾರಣ ಅದರ ಸೇವೆಯು ನಿಂತುಹೋಯಿತು. ಆ ಬಳಿಕ ಹಳ್ಳಿಗಳ ಕೈಬಿಡಬಾರದೆಂದು 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರಯಂತ್ರವನ್ನು ನಿಲ್ಲಿಸಿದರು. ಆದರೆ ಮುಗಿಲಿನಿಂದ ಇಳಿಯುವ ಅಲೆಗೆ ದೂರದ ಹಂಗಿಲ್ಲ. ಗೋಪುರದಿಂದ ಹೊರಡುವ ಅಲೆಗೆ ಎಲ್ಲೆಯುಂಟು. ಆದುದರಿಂದ ಮೊದಲು ನೋಡಿದ್ದ ಎಷ್ಟೋ ಊರುಗಳು ಈ ಪರಿಧಿಯ ಹೊರಗೇ ಉಳಿದುವು. ಕೊಟ್ಟು ಕಿತ್ತುಕೊಂಡಂತಾಯಿತೆಂದರೆ ತಪ್ಪಾಗಲಾರದು.

ಕಾಲಚಕ್ರವು ಉರುಳಿತು. 2021ರಲ್ಲಿ ಹಳೆಯ ಪದ್ಧತಿಯ ಪ್ರಸಾರಯಂತ್ರಗಳನ್ನು ದೇಶದಲ್ಲೆಲ್ಲ ನಿಲ್ಲಿಸುವ ಕಾರ್ಯವು ನಡೆಯುತ್ತಿದ್ದಾಗ ಕಲಬುರಗಿಯ ಕೇಂದ್ರವೇ ಮುಚ್ಚುವುದೆಂಬ ವದಂತಿ ಹಬ್ಬಿತು. ಕಾರ್ಯಕ್ರಮಗಳ ನಿರ್ಮಾಣವು ಅಲ್ಲಿ ಮುಂದುವರಿಯುವುದೆಂದು ಪ್ರಸಾರ ಭಾರತಿಯು ಆಗ ಸ್ಪಷ್ಟಪಡಿಸಿತು.

ಯಂತ್ರಗಳು ಹಳತಾಗುವುದು ಸಹಜ, ಅದಕ್ಕಾಗಿ ಶೋಕಿಸಬೇಕಾದುದಿಲ್ಲ. ಶೋಚನೀಯವಾದುದು ವಿಸ್ಮೃತಿ. 1975ರಲ್ಲಿ ಶಾಲೆಯ ಅಂಗಳದಲ್ಲಿ ಕುಳಿತು ಆ ಪಾಠಗಳನ್ನು ನೋಡಿದ ಬಾಲಕಬಾಲಿಕೆಯರು ಈಗ ಅರುವತ್ತರ ಆಸುಪಾಸಿನವರು. ಅವರಿಗೆ ಕಲಿಸಿದ ಉಪಾಧ್ಯಾಯರಲ್ಲಿ ಉಳಿದವರು ವಿರಳ. ಯಾವ ಊರಿನಲ್ಲಿ ಪೆಟ್ಟಿಗೆಯಿದ್ದಿತು, ಯಾರೆಲ್ಲ ಬಂದು ಕುಳಿತರು, ಯಾರನ್ನು ದೂರ ಕೂರಿಸಿದರು, ನೋಡಿದುದರಲ್ಲಿ ಯಾವುದು ಹೊಲಕ್ಕೂ ಮನೆಗೂ ಬಂದಿತು, ಇವನ್ನು ಸರ್ಕಾರದ ವರದಿಗಳಿಗಿಂತ ಚೆನ್ನಾಗಿ ಹೇಳಬಲ್ಲವರು ಅವರೇ. ಕೇಳುವವರು ತಡಮಾಡಿದರೆ ಹೇಳುವವರು ಇರಲಾರರು. ಆಯಾ ತಾಲ್ಲೂಕಿನ ತರುಣರು ಇಂತಹ ಹಿರಿಯರ ಮಾತುಗಳನ್ನು ಬರೆದಿಡುವರಾದರೆ ನಾಡಿನ ಚರಿತ್ರೆಗೆ ದೊಡ್ಡ ಉಪಕಾರವಾದೀತು.