ಎರವಲು ಬೆಳಕಿನ ಅಳತೆ

ಚಂದ್ರನಿಗೆ ಸ್ವಂತ ಬೆಳಕಿಲ್ಲವೆಂಬುದನ್ನೂ ಸೂರ್ಯನ ಕಡೆಗಿರುವ ಅದರ ಅರ್ಧಭಾಗವಷ್ಟೇ ಬೆಳಗುತ್ತದೆಂಬುದನ್ನೂ ಎರಡನೆಯ ಭಾಸ್ಕರಾಚಾರ್ಯನು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ನಿರೂಪಿಸಿದ್ದಾನೆ. ಅವನು ತನ್ನ ಊರೆಂದು ಹೇಳಿಕೊಂಡ, ಸಹ್ಯಾದ್ರಿಯ ಆಶ್ರಯದಲ್ಲಿದ್ದ ವಿಜ್ಜಡವಿಡವನ್ನು ಹಲವರು ಇಂದಿನ ವಿಜಯಪುರವೆಂದು ಗುರುತಿಸಿದ್ದಾರೆ; ಆದರೆ ಸಹ್ಯಾದ್ರಿ ಈ ಬಯಲುಸೀಮೆಗೆ ದೂರವಾದುದರಿಂದಲೂ, ಮೊಮ್ಮಗ ಚಂಗದೇವನ ಶಾಸನ ಚಾಳೀಸಗಾಂವ ಬಳಿಯ ಪಾಟಣದಲ್ಲಿ ದೊರೆತಿರುವುದರಿಂದಲೂ ಆ ಗುರುತನ್ನು ನಿಶ್ಚಿತವೆನ್ನಲಾಗದು. ಬೆಳಗಿದ ಭಾಗದ ಆಕಾರವನ್ನೂ ಚಂದ್ರನ ಕೋಡುಗಳ ಓರೆಯನ್ನೂ, ಅಂದರೆ ಶೃಂಗೋನ್ನತಿಯನ್ನು, ಅವನು ಗಣಿಸಿದನು. ಬಿದ್ದ ಬೆಳಕಿನಲ್ಲಿ ಮರಳುವ ಪಾಲೆಷ್ಟು ಎಂಬುದು ಬೇರೆಯೇ ಪ್ರಶ್ನೆ; ಆ ಪಾಲಿಗೆ ಆಲ್ಬೆಡೊ ಎಂಬ ಹೆಸರನ್ನು ಯೋಹಾನ್ ಲ್ಯಾಂಬರ್ಟ್ 1760ರಲ್ಲಿ ಬಳಕೆಗೆ ತಂದನು.

1995ರಲ್ಲಿ ಸೂರ್ಯನಂಥ ತಾರೆಯೊಂದರ ಸುತ್ತ ಗುರುವಿನಷ್ಟು ದೊಡ್ಡ ಗ್ರಹ ಪತ್ತೆಯಾದ ಮೇಲೆ ಈ ಪ್ರಶ್ನೆ ಸೌರಮಂಡಲವನ್ನು ದಾಟಿತು. ಗುರುವು ದೃಗ್ಗೋಚರ ಬೆಳಕಿನ ಸುಮಾರು ಅರ್ಧವನ್ನು ಮರಳಿಸುವುದರಿಂದ, ತಾರೆಗೆ ಅಂಟಿಕೊಂಡಂತೆ ಸುತ್ತುವ ಈ ದೈತ್ಯರೂ ಹೊಳೆಯಬಹುದೆಂಬ ನಿರೀಕ್ಷೆಯಿತ್ತು. 1999ರಲ್ಲಿ ಟೌ ಬೂಟಿಸ್ ತಾರೆಯ ಗ್ರಹದ ಪ್ರತಿಫಲಿತ ಬೆಳಕು ಕಂಡಿತೆಂದು ಒಂದು ತಂಡ ಪ್ರಕಟಿಸಿತಾದರೂ ಮುಂದಿನ ವೀಕ್ಷಣೆಗಳಲ್ಲಿ ಅದು ನಿಲ್ಲಲಿಲ್ಲ. ದೃಢವಾದ ದಾರಿ ತೆರೆದದ್ದು ಗ್ರಹವು ತಾರೆಯ ಹಿಂದೆ ಮರೆಯಾಗುವ ಗಳಿಗೆಯಲ್ಲಿ: ಆಗ ಒಟ್ಟು ಬೆಳಕು ಎಷ್ಟು ಕುಗ್ಗುತ್ತದೆಯೋ ಅಷ್ಟೇ ಗ್ರಹದ ಪಾಲು. ಕೆನಡಾದ ಮೋಸ್ಟ್ ಉಪಗ್ರಹವು ಕೇವಲ 15 ಸೆಂಟಿಮೀಟರ್ ದೂರದರ್ಶಕದಿಂದ ಎಚ್‌ಡಿ 209458 ಬಿ ಗ್ರಹವನ್ನು ಹೀಗೆ ಪರೀಕ್ಷಿಸಿತು; 2008ರ ಫಲಿತಾಂಶದಲ್ಲಿ ಅಳೆಯಬಹುದಾದ ಕುಗ್ಗುವಿಕೆಯೇ ಕಾಣಲಿಲ್ಲ. ಅಲ್ಲಿನ ಬಿಸಿಯಲ್ಲಿ ಗುರುವಿನಂಥ ಅಮೋನಿಯಾ ಮೋಡಗಳು ಕಟ್ಟಲಾರವು. ಸೋಡಿಯಂ, ಪೊಟ್ಯಾಸಿಯಂ ಆವಿಗಳು ಬೆಳಕನ್ನು ಹೀರುತ್ತವೆ. ವಿಜಯಪುರ ಸೀಮೆಯ ಬಬಲೇಶ್ವರ, ತಿಕೋಟಾ ಕಡೆಯ ಎರೆಹೊಲ ಮಳೆಯಲ್ಲಿ ನೆನೆದಾಗ ಎಷ್ಟು ಕಪ್ಪಾಗಿರುತ್ತದೆಯೋ, ಈ ದೈತ್ಯ ಗ್ರಹದ ಕಪ್ಪೂ ಹೆಚ್ಚುಕಡಿಮೆ ಅಷ್ಟೇ.

ಕರ್ನಾಟಕದ ಪಾಲು ಮೋಡಗಳ ಪ್ರಶ್ನೆಯಲ್ಲಿದೆ. ಕಣಗಳ ಮೇಲೆ ಬಿದ್ದು ಚದುರಿದ ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸತೊಡಗುವುದನ್ನು ಧ್ರುವೀಕರಣ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸುಜನ್ ಸೇನ್‌ಗುಪ್ತ ಮತ್ತು ವಿನೋದ್ ಕ್ರಿಶನ್ ಅವರು, ತಾರೆಯಾಗಲಾರದ ಕಂದುಕುಬ್ಜಗಳ ಧೂಳು ಇದರಿಂದ ಪತ್ತೆಯಾಗಬಹುದೆಂದು 2001ರಲ್ಲಿ ತೋರಿಸಿದರು. 2008ರಲ್ಲಿ ಎಚ್‌ಡಿ 189733 ಬಿ ಗ್ರಹದ ಬೆಳಕಿನಲ್ಲಿ ಧ್ರುವೀಕರಣ ಕಂಡಿತೆಂಬ ವರದಿ ಬಂದಾಗ ಸೇನ್‌ಗುಪ್ತ ಅವರು ಮೋಡ ಕವಿದ ವಾತಾವರಣವನ್ನು ಅದಕ್ಕೆ ಕಾರಣವಾಗಿ ಮುಂದಿಟ್ಟರು. ಆ ಸಂಕೇತದ ಪ್ರಮಾಣವನ್ನು ನಂತರದ ವೀಕ್ಷಕರು ಒಪ್ಪಲಿಲ್ಲ. ಆದರೂ ವಿವಾದದಿಂದಲೇ ಉಪಕರಣಗಳ ಪರೀಕ್ಷೆ ಬಿಗಿಯಾಯಿತೆಂಬುದು ಗಮನಾರ್ಹ. 2013ರಲ್ಲಿ ಹಬಲ್ ದೂರದರ್ಶಕವು ಅದೇ ಗ್ರಹ ನೀಲಿ ಬೆಳಕನ್ನೇ ಹೆಚ್ಚು ಮರಳಿಸುತ್ತದೆಂದು ಕಂಡಿತು. ಮೋಸ್ಟ್‌ಗೆ ಎಟುಕದ ಎಚ್‌ಡಿ 209458 ಬಿ ಗ್ರಹದ ಕುಗ್ಗುವಿಕೆಯನ್ನು ಯುರೋಪಿನ ಕಿಯೋಪ್ಸ್ ಉಪಗ್ರಹವು 2022ರಲ್ಲಿ ಅಳೆದುಕೊಟ್ಟಿತು: ಹತ್ತು ಲಕ್ಷದಲ್ಲಿ ಸುಮಾರು 20 ಪಾಲು, ಆಲ್ಬೆಡೊ 0.1ರ ಆಸುಪಾಸು.